ಹಾವಸೆ ಒಣಗಿದ ಗೋಡೆ

ದಾಕ್ಷಾಯಿಣಿಗೆ ಹೇಸಿಗೆ ಅನ್ನುವುದು ಹುಟ್ಟಿನಿಂದಲೇ ಅಂಟಿಕೊಂಡು ಬಂದದ್ದು. ಹಾಲಿನ ಕೆನೆ ತುಟಿಗೆ ತಾಕಿದರೆ ಆಗದು, ಸೋಪಿಗೆ ಅಂಟಿದ ಕೂದಲು ಕಂಡರೆ ಆಗದು, ಬೆರಳಿಗೆ ಎಂಜಲು ಹಚ್ಚಿಕೊಂಡು ಪುಸ್ತಕದ ಹಾಳೆ ಮಗುಚುವವರನ್ನು ಕಂಡರಂತೂ ಮೈಯೆಲ್ಲ ಉರಿಯುತ್ತದೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೆ ಬೇರೆಯವರು ಖುಷಿಪಡುತ್ತಾರೆ. ಇವಳು ಮುಂದಿನವರು ಉಗಿದದ್ದು ಗಾಳಿಗೆ ಹಾರಿ ಬಂದೀತೆಂದು ಎದ್ದು ನಿಂತುಕೊಂಡೇ ಹೋಗುತ್ತಾಳೆ. ಹೊಳಲ್ಕೆರೆಯ ತವರುಮನೆಯಲ್ಲಿ ಅಜ್ಜಿ ವೀರಮ್ಮ, "ಇವಳನ್ನ ಮದ್ವೆ ಆಗೋನು ದಿನಾ ತನ್ನನ್ನ ತಾನು ಕುದ್ಸಿ ಆರಿಸ್ಕಂಡು ಮನೆಗೆ ಬರ್ಬೇಕು" ಎಂದು ನಗುತ್ತಿದ್ದಳು.

ಆ ಮನೆಯ ಬಚ್ಚಲಿನಿಂದ ನೀರು ಹರಿದುಹೋಗುವ ಕಡೆ ಒಂದು ಚಪ್ಪಡಿ ಕಲ್ಲಿತ್ತು. ವರ್ಷವಿಡೀ ಒದ್ದೆಯಾಗಿದ್ದ ಅದರ ಮೇಲೆ ಹಾವಸೆ ದಪ್ಪಗೆ ಬೆಳೆದಿತ್ತು. ದಾಕ್ಷಾಯಿಣಿ ಚಿಕ್ಕವಳಿದ್ದಾಗ ಒಂದು ದಿನ ಅದರ ಮೇಲೆ ಕಾಲಿಟ್ಟು ಜಾರಿ ಮುಖ ಅಡಿಯಾಗಿ ಬಿದ್ದಳು. ಬಾಯಿ ತೆರೆದೇ ಇತ್ತು. ಆ ಲೋಳೆ, ಆ ಸೋಪುನೀರು, ಆ ಹಸಿರು ಕಸರು ನಾಲಗೆಗೆ ಹತ್ತಿದ್ದು ಇವತ್ತಿಗೂ ಬಿಟ್ಟಿಲ್ಲ. ಅವತ್ತು ಸಂಜೆಯವರೆಗೂ ವಾಂತಿ ಮಾಡಿಕೊಂಡಳು. ಅಂಥವಳು ಮುಂದೆ ಹಾವಸೆ ಕಲಿಸಿಯೇ ಹೊಟ್ಟೆ ಹೊರೆಯಬೇಕಾಗಿ ಬಂದದ್ದನ್ನು ಹಣೆಬರಹ ಅನ್ನದೆ ಬೇರೇನನ್ನಬೇಕೋ ಗೊತ್ತಿಲ್ಲ.

ಪಿಯುಸಿಯಲ್ಲಿ ಜಿರಲೆಯ ಹೊಟ್ಟೆ ಕುಯ್ಯಿಸಿದ ದಿನವೇ ಅವಳು ಪ್ರಾಣಿಶಾಸ್ತ್ರಕ್ಕೆ ಕೈಮುಗಿದಿದ್ದಳು. ಗಿಡಗಳಿಗೆ ಕರುಳಿಲ್ಲ, ಕಫವಿಲ್ಲ, ಅವು ಕೆಮ್ಮುವುದಿಲ್ಲ, ಉಗಿಯುವುದಿಲ್ಲ. ಹೀಗೆಂದುಕೊಂಡು ಸಸ್ಯಶಾಸ್ತ್ರ ಹಿಡಿದಳು. ಎಂ.ಎಸ್ಸಿ. ಮುಗಿಸಿ, ಹಿರಿಯೂರಿನ ಕೊಬ್ಬರಿ ವ್ಯಾಪಾರದ ಮನೆಗೆ ಸೊಸೆಯಾಗಿ ಬಂದು, ಅಲ್ಲಿನ ಒಂದು ಡಿಗ್ರಿ ಕಾಲೇಜಿಗೆ ಸೇರಿದಳು. ಸೇರಿದ ದಿನ ವಿಭಾಗದ ಹಿರಿಯರಾದ ರಂಗಪ್ಪ ಮೇಷ್ಟ್ರು ಪಾಠಗಳನ್ನು ಹಂಚಿದರು. "ಹೂವು ಹಣ್ಣಿನ ಗಿಡ ನಾನು ನೋಡ್ಕಂತೀನಮ್ಮ. ಹಾವಸೆ ಸಸ್ಯಗಳು ನಿಮಗಿರ್ಲಿ" ಅಂದರು. ಹೊಸಬಳಾದ್ದರಿಂದ ಆಗಲ್ಲ ಅನ್ನುವ ಹಾಗಿರಲಿಲ್ಲ.

ಅವಳ ಪ್ರಕಾರ ಹಾವಸೆಯಷ್ಟು ನಾಚಿಕೆಗೆಟ್ಟ ಸಸ್ಯ ಇನ್ನೊಂದಿಲ್ಲ. ಅದಕ್ಕೆ ಬೇರಿಲ್ಲ, ಕೂದಲಿನಂಥ ಎಳೆಗಳಲ್ಲಿ ಗೋಡೆಯನ್ನು ಹಿಡಿದುಕೊಂಡಿರುತ್ತದೆ ಅಷ್ಟೆ. ನೀರನ್ನು ಕೆಳಗಿನಿಂದ ಮೇಲಕ್ಕೆ ಏರಿಸುವ ನಾಳಗಳಿಲ್ಲ; ಅದಕ್ಕೇ ಅದು ಎದ್ದು ನಿಲ್ಲಲಾರದು, ಬೆರಳಿನ ಉಗುರಿನೆತ್ತರಕ್ಕೇ ತೃಪ್ತಿ. ಎಲೆ ಅನ್ನುವುದು ಒಂದೇ ಕೋಶದಷ್ಟು ತೆಳು. ಮೈಮೇಲೆ ಏನು ಬಿತ್ತೋ ಅದನ್ನು ಮೈಯಿಂದಲೇ ಹೀರಿಕೊಳ್ಳುತ್ತದೆ. ಮಳೆಯೋ, ಮುಸುರೆಯೋ, ಯಾರೋ ಬಾಯಿ ಮುಕ್ಕಳಿಸಿದ್ದೋ, ಅದಕ್ಕೆ ಭೇದವಿಲ್ಲ. ಗಂಡುಕೋಶ ಹೆಣ್ಣುಕೋಶದ ಹತ್ತಿರ ಈಜಿಕೊಂಡೇ ಹೋಗಬೇಕು, ಅದಕ್ಕೂ ನೀರಿನ ಪಸೆ ಬೇಕು. ಕೂಡಿ ಹುಟ್ಟಿದ ಮರಿಯಾದರೂ ಕೆಳಗಿಳಿದು ತನ್ನ ದಾರಿ ನೋಡಿಕೊಳ್ಳುತ್ತದೆಯೇ ಎಂದರೆ ಅದೂ ಇಲ್ಲ. ತಾಯಿಯ ನೆತ್ತಿಯಲ್ಲೇ ಕಾಲೂರಿ, ಕಡ್ಡಿಯ ತುದಿಗೊಂದು ಬೀಜಾಣುಗಳ ಡಬ್ಬಿ ಹೊತ್ತುಕೊಂಡು, ಅವಳ ಮೈಯಿಂದಲೇ ಹೀರಿ ಬದುಕುತ್ತದೆ. ಇದನ್ನೆಲ್ಲ ಅವಳು ಮೂಗು ಮುರಿದುಕೊಂಡೇ ಕಲಿಸುತ್ತಿದ್ದಳು, ಆದರೆ ಎಷ್ಟು ಚೆನ್ನಾಗಿ ಕಲಿಸುತ್ತಿದ್ದಳೆಂದರೆ ಹುಡುಗರು ಬೋರ್ಡಿನ ಚಿತ್ರವನ್ನು ಒರೆಸಲು ಬಿಡುತ್ತಿರಲಿಲ್ಲ. ಹೇಸಿಗೆಪಡುವವರು ನೋಡುವಷ್ಟು ಹತ್ತಿರದಿಂದ ಬೇರೆ ಯಾರೂ ನೋಡುವುದಿಲ್ಲ.

ಕಷ್ಟವಿದ್ದದ್ದು ಪ್ರಾಕ್ಟಿಕಲ್‌ಗೆ. ಪರೀಕ್ಷೆ ಬರುವುದು ಸಂಕ್ರಾಂತಿ ಆಸುಪಾಸು. ಆ ಹೊತ್ತಿಗೆ ಹಿರಿಯೂರಿನಲ್ಲಿ ಹಸಿರು ಬೇಕೆಂದರೆ ತೆಂಗಿನ ತಲೆ ನೋಡಬೇಕು, ಇಲ್ಲ ಬೇಲಿ ಜಾಲಿ. ಮಲೆನಾಡಿನ ಹಾವಸೆಯೊಂದನ್ನು ಯಾವುದೋ ಕಾಲದ ಪ್ರವಾಸದಲ್ಲಿ ಕಿತ್ತು ತಂದು ಫಾರ್ಮಲಿನ್ ಜಾಡಿಗೆ ಹಾಕಿಟ್ಟಿದ್ದರು. ಅದು ಕಂದು ನೀರಿನಲ್ಲಿ ಕೊಳೆತ ಕರ್ಚೀಫಿನಂತೆ ತೇಲುತ್ತಿತ್ತು. ಜೀವಂತ ಹಾವಸೆ ಸಿಗುತ್ತಿದ್ದದ್ದು ಊರಿಗೆಲ್ಲ ಒಂದೇ ಕಡೆ. ಕಾಲೇಜಿನ ಮೂಲೆಯಲ್ಲಿ ಹುಡುಗಿಯರ ಶೌಚಾಲಯವಿತ್ತಲ್ಲ, ಅದರ ಹಿಂದಿನ ಗೋಡೆಯಲ್ಲಿ.

ಅಲ್ಲಿ ಒಂದು ಪೈಪು ಒಡೆದಿತ್ತು. ದಾಕ್ಷಾಯಿಣಿ ಸೇರುವ ಮೊದಲೇ ಒಡೆದದ್ದು. ಒಳಗೆ ಕೈ ತೊಳೆದದ್ದು, ನೆಲ ತೊಳೆದದ್ದು, ಇನ್ನೂ ಏನೇನೋ ಸೇರಿದ ನೀರು ಗೋಡೆಗುಂಟ ಹಗಲಿಡೀ ಇಳಿಯುತ್ತಿತ್ತು. ಆ ಗೋಡೆಯ ಮೇಲೆ ಫ್ಯುನೇರಿಯಾ ಎಂಬ ಹಾವಸೆ ಹಾಸಿದಂತೆ ಬೆಳೆದರೆ, ಅದರ ಬುಡದ ಕೆಸರಿನಲ್ಲಿ ಅದರ ನೆಂಟ ರಿಕ್ಸಿಯಾ ಕವಲೊಡೆದು ಚಕ್ರದಂತೆ ಹರಡುತ್ತಿತ್ತು. ಯಾವ ಪ್ರಿನ್ಸಿಪಾಲರು ಬಂದು ರಿಪೇರಿಯ ಮಾತೆತ್ತಿದರೂ ಸಸ್ಯಶಾಸ್ತ್ರ ವಿಭಾಗದವರು ಹೋಗಿ, "ಅದೊಂದು ಇರ್ಲಿ ಬಿಡ್ರಿ ಸರ್, ಪರೀಕ್ಷೆಗೆ ಬೇಕು" ಎಂದು ತಡೆಯುತ್ತಿದ್ದರು. ಒಡೆದ ಪೈಪನ್ನು ಹೀಗೆ ದೇವರ ದೀಪದಂತೆ ಕಾಪಾಡಿಕೊಂಡು ಬಂದ ಕಾಲೇಜು ಜಗತ್ತಿನಲ್ಲಿ ಇನ್ನೊಂದಿರಲಾರದು. ಆ ನೀರಿನಲ್ಲಿ ಏನಿದೆ ಎಂಬುದು ದಾಕ್ಷಾಯಿಣಿಗೆ ಚೆನ್ನಾಗಿ ಗೊತ್ತು. "ಸಾರಜನಕ ಹೆಚ್ಚಾಗಿರುವ ಕಡೆ ಫ್ಯುನೇರಿಯಾ ಹುಲುಸಾಗಿ ಬರುತ್ತದೆ" ಎಂದು ಹೇಳಿ ಅಲ್ಲಿಗೇ ನಿಲ್ಲಿಸುತ್ತಿದ್ದಳು. ಹುಡುಗರು ಕಿಸಕ್ಕೆನ್ನುತ್ತಿದ್ದರು.

ಆ ಗೋಡೆಯ ಹತ್ತಿರ ಅವಳು ಯಾವತ್ತೂ ಹೋದವಳಲ್ಲ. ಲ್ಯಾಬಿನ ಅಟೆಂಡರ್ ಓಬಳೇಶ್ ಹೋಗಿ ಕೆರೆದು, ಪೇಪರಿನಲ್ಲಿ ಸುತ್ತಿ ತರುತ್ತಿದ್ದ. ಇವಳು ಅದನ್ನು ಚಿಮಟದಲ್ಲಿ ಎತ್ತಿ, ನಾಲ್ಕು ನೀರಿನಲ್ಲಿ ತೊಳೆದು, ಅಮೃತಾಂಜನ ಹಚ್ಚಿದ ಕರ್ಚೀಫನ್ನು ಮೂಗಿಗೆ ಹಿಡಿದುಕೊಂಡು ಗಾಜಿನ ಮೇಲೆ ಇಡುತ್ತಿದ್ದಳು. ಶೌಚಾಲಯದ ಮುಂಬಾಗಿಲನ್ನೂ ತುಳಿದವಳಲ್ಲ. ಸ್ಟಾಫ್ ರೂಮಿನ ಶೌಚಾಲಯದ್ದನ್ನೂ ಅಷ್ಟೆ. ಮನೆ ಕಾಲೇಜಿನ ಹಿಂದಿನ ಬೀದಿಯಲ್ಲೇ ಇತ್ತು. ಮಧ್ಯಾಹ್ನ ಊಟದ ನೆಪದಲ್ಲಿ ಹೋಗಿ ಬರುತ್ತಿದ್ದಳು. ಕ್ಲಾಸಿನ ನಡುವೆ ಯಾರಾದರೂ ಹುಡುಗಿ ಎದ್ದು ಹೊರಗೆ ಹೋಗಬೇಕೆಂದರೆ ಇವಳ ಮುಖ ಕಿವುಚಿಕೊಳ್ಳುತ್ತಿತ್ತು. "ಅಂಥ ಹೊಲಸು ಮಾತೆಲ್ಲ ಕ್ಲಾಸಲ್ಲಿ ಬೇಡ. ಮೊದ್ಲೇ ಮುಗಿಸ್ಕಂಡು ಬನ್ನಿ" ಅನ್ನುತ್ತಿದ್ದಳು. ಕ್ರಮೇಣ ಯಾರೂ ಕೇಳುವುದನ್ನೇ ಬಿಟ್ಟರು. ಹುಡುಗಿಯರಿಗೆ ಶಿಸ್ತು ಬಂತೆಂದು ಇವಳು ತಿಳಿದಳು.

ಈ ಸಲ ದಸರಾ ಹೊತ್ತಿಗೆ ಹಳೆಯ ವಿದ್ಯಾರ್ಥಿಗಳು ಸೇರಿ ಹುಡುಗಿಯರ ಶೌಚಾಲಯಕ್ಕೆ ಹೊಸ ರೂಪ ಕೊಡಿಸಿದರು. ಕಾಲೇಜನ್ನು ತಪಾಸಣೆ ಮಾಡಿ ದರ್ಜೆ ಕೊಡುವ ತಂಡವೊಂದು ಜನವರಿಯಲ್ಲಿ ಬರುವುದಿತ್ತು. ಪ್ರಿನ್ಸಿಪಾಲ್ ಮೂರ್ತಪ್ಪನವರು ಓಡಾಡಿ, ಬಿಳಿ ಟೈಲ್ಸ್, ಉದ್ದನೆ ಕನ್ನಡಿ, ಪ್ಲಾಸ್ಟಿಕ್ ಹೂಕುಂಡ ಎಲ್ಲ ಹಾಕಿಸಿದರು. ಒಳಗೆ ಕಣ್ಣಿಗೆ ಬೀಳುವುದೆಲ್ಲ ಹೊಸದಾಯಿತು. ಹಿಂದಿನ ಪೈಪು ಯಾರಿಗೂ ಕಾಣದ್ದರಿಂದ ಹಾಗೇ ಉಳಿಯಿತು. ಟೇಪು ಕತ್ತರಿಸುವಾಗ ದಾಕ್ಷಾಯಿಣಿಯೂ ದೂರದಲ್ಲಿ ನಿಂತು ಚಪ್ಪಾಳೆ ತಟ್ಟಿದ್ದಳು.

ಜನವರಿ ಬಂತು. ಓಬಳೇಶ್ ಪೇಪರಿನ ಪೊಟ್ಟಣ ತಂದು ಮೇಜಿನ ಮೇಲೆ ಬಿಚ್ಚಿದ. ಒಳಗಿದ್ದದ್ದು ಹಸಿರಲ್ಲ, ಟೀಪುಡಿಯಂತೆ ಕರಿಕಂದಾಗಿ ಮುದುಡಿದ ಚೂರುಗಳು.

"ಏನಪ್ಪ ಇದು ಓಬಳೇಶ್?"

"ಈ ಸಲ ಇಷ್ಟೇ ಮೇಡಂ. ಗೋಡೆ ಒಣಗಿ ಹೋಗೈತೆ."

ಇರುವುದರಲ್ಲೇ ಪಾಠ ಮಾಡೋಣವೆಂದು ದಾಕ್ಷಾಯಿಣಿ ಒಂದು ಚೂರನ್ನು ಗಾಜಿನ ಮೇಲಿಟ್ಟಳು. ಹುಡುಗಿಯರೆಲ್ಲ ಸುತ್ತ ಬಗ್ಗಿದರು. ಡ್ರಾಪರಿನಿಂದ ನಾಲ್ಕು ಹನಿ ನೀರು ಬಿಟ್ಟಳು. ನೋಡನೋಡುತ್ತ ಮುದುಡಿದ ಎಲೆಗಳು ಒಂದೊಂದಾಗಿ ಬಿಡಿಸಿಕೊಂಡವು, ಕಂದು ಬಣ್ಣದ ಒಳಗಿನಿಂದ ಹಸಿರು ಮೇಲೆ ಬಂತು. ಎಷ್ಟು ಸಲ ಕಂಡಿದ್ದರೂ ಅವಳ ಮುಖದಲ್ಲಿ ಆ ಕ್ಷಣ ಹೇಸಿಗೆ ಇರುತ್ತಿರಲಿಲ್ಲ.

"ಇದು ಸತ್ತಿರಲಿಲ್ಲ" ಅಂದಳು. "ನಾಳ ಇಲ್ಲ, ನೀರು ಕೂಡಿಡೋಕೆ ಜಾಗ ಇಲ್ಲ. ಅದಕ್ಕೇ ನೀರು ಇಲ್ಲದಾಗ ಎಲ್ಲ ಕೆಲಸ ನಿಲ್ಸಿ, ಮುದುರ್ಕಂಡು, ಬಾಯಿ ಮುಚ್ಚಿ ಕಾಯ್ತದೆ."

"ನಮ್ಮಂಗೆ" ಎಂದು ಹಿಂದಿನಿಂದ ಯಾರೋ ಮೆಲ್ಲಗೆ ಅಂದರು. ಉಳಿದವರು ನಗು ತಡೆದುಕೊಂಡರು.

"ಏನದು?"

"ಏನಿಲ್ಲ ಮೇಡಂ."

ದಾಕ್ಷಾಯಿಣಿಗೆ ಸಿಟ್ಟು ಬಂತು. ಇಂಥ ಒಳ್ಳೆಯ ಪಾಠದ ನಡುವೆಯೂ ಇವರಿಗೆ ತಮಾಷೆ. ತಮಾಷೆ ಮಾಡದ ಹುಡುಗಿಯೊಬ್ಬಳಿದ್ದಳು, ಆದಿವಾಲದ ಮೇಘಶ್ರೀ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ ಬೆಲ್ ಹೊಡೆದದ್ದೂ ಕೇಳಿಸದಂಥವಳು. ಅವಳು ವಾರದಿಂದ ಬಂದಿರಲಿಲ್ಲ. ಪರೀಕ್ಷೆ ಹತ್ತಿರ ಬಂದಾಗಲೇ ಇವರಿಗೆ ನೆಂಟರ ಮದುವೆ ಬರುತ್ತದೆ ಎಂದು ದಾಕ್ಷಾಯಿಣಿ ಗೊಣಗಿಕೊಂಡಳು.

ಪರೀಕ್ಷೆಗೆ ಮಾತ್ರ ಟೀಪುಡಿ ಸಾಲದು, ಡಬ್ಬಿ ಹೊತ್ತ ಕಡ್ಡಿಗಳು ನೆಟ್ಟಗೆ ನಿಂತಿರಬೇಕು. ಗೋಡೆಗೆ ದಿನವೂ ಬಕೆಟ್ಟಿನಲ್ಲಿ ನೀರು ಹೊಯ್ಯಲು ಓಬಳೇಶನಿಗೆ ಹೇಳಿದಳು.

"ಹುಯ್ಬೋದು ಮೇಡಂ" ಎಂದು ಅವನು ತಲೆ ಕೆರೆದ. "ಒಳಗಿಂದ ಬರ್ತಿದ್ದ ನೀರಿನ ಗುಣ ಬಕೀಟಿನ ನೀರಿಗೆ ಬರಲ್ಲ."

"ಒಳಗಿಂದ ಯಾಕೆ ಬರ್ತಿಲ್ಲ?"

ಓಬಳೇಶ್ ಮೇಲಿನ ಫ್ಯಾನನ್ನು ನೋಡತೊಡಗಿದ. ಅವನ ಹತ್ತಿರ ಉತ್ತರ ಹೊರಡಿಸುವುದಕ್ಕಿಂತ ತಾನೇ ಹೋಗುವುದು ಮೇಲೆಂದು ದಾಕ್ಷಾಯಿಣಿ ಕರ್ಚೀಫಿಗೆ ಅಮೃತಾಂಜನ ಹಚ್ಚಿಕೊಂಡು ಹೊರಟಳು.

ಗೋಡೆಯ ಹಿಂದೆ ಅವಳು ಊಹಿಸಿದ್ದ ಹೊಲಸೆಲ್ಲ ಇತ್ತು. ಗುಟ್ಕಾ ಚೀಟಿಗಳು, ಒಡೆದ ಕಮೋಡಿನ ಚೂರು, ಯಾರೋ ಬಿಸಾಕಿದ ಅನ್ನಕ್ಕೆ ಮುತ್ತಿದ ನೊಣ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಎರಡು ಬೆರಳಲ್ಲಿ ಸೀರೆ ಎತ್ತಿ ಹಿಡಿದುಕೊಂಡು, ಉಸಿರು ಕಟ್ಟಿಕೊಂಡೇ ಮುಂದೆ ಹೋದಳು. ಎಷ್ಟು ಹೊತ್ತು ಉಸಿರು ಕಟ್ಟಲಾದೀತು, ಕೊನೆಗೆ ಬಿಟ್ಟಳು. ವಾಸನೆ ಬರಲಿಲ್ಲ. ಕರ್ಚೀಫು ತೆಗೆದು ನೋಡಿದಳು, ಆಗಲೂ ಇಲ್ಲ. ಹಾವಸೆ ಗೋಡೆಯ ಮೇಲೆ ಹಕ್ಕಳೆ ಎದ್ದು ನಿಂತಿತ್ತು, ಬುಡದ ಕೆಸರು ಬಿರುಕು ಬಿಟ್ಟಿತ್ತು. ಒಡೆದ ಪೈಪಿನ ಬಾಯಿಗೆ ಜೇಡವೊಂದು ಬಲೆ ಕಟ್ಟಿಕೊಂಡು ನೆಮ್ಮದಿಯಾಗಿ ಕೂತಿತ್ತು. ಆ ಬಲೆಯ ಮೇಲೆ ಧೂಳು ಕೂತಿರುವುದನ್ನು ನೋಡಿದರೆ ಅಲ್ಲಿ ನೀರು ಹರಿದು ತಿಂಗಳುಗಳೇ ಆಗಿರಬೇಕು.

ಅವಳು ಸುತ್ತಿಕೊಂಡು ಮುಂದಕ್ಕೆ ಬಂದಳು. ಬಾಗಿಲಿಗೆ ಬೀಗ.

ಗವಾಕ್ಷಿಗೆ ಕಣ್ಣಿಟ್ಟಳು. ನೆಲ ಥಳಥಳ ಹೊಳೆಯುತ್ತಿತ್ತು. ಕನ್ನಡಿಗೆ ಅಂಗಡಿಯವರು ಅಂಟಿಸಿದ್ದ ಪ್ಲಾಸ್ಟಿಕ್ಕನ್ನು ಇನ್ನೂ ತೆಗೆದಿರಲಿಲ್ಲ. ಪ್ಲಾಸ್ಟಿಕ್ ಮಲ್ಲಿಗೆಯ ಕುಂಡದ ಪಕ್ಕ ಸುವಾಸನೆಯ ಡಬ್ಬಿ. ಅದರ ನಿಂಬೆಹಣ್ಣಿನ ಪರಿಮಳ ಗವಾಕ್ಷಿಯಿಂದ ಹೊರಗೆ ಬರುತ್ತಿತ್ತು. ಇಡೀ ಕಾಲೇಜಿನಲ್ಲಿ ಇದಕ್ಕಿಂತ ಶುಭ್ರವಾದ ಜಾಗವಿರಲಿಲ್ಲ. ದಾಕ್ಷಾಯಿಣಿ ಗೋಡೆ ಹಿಡಿದುಕೊಂಡು ನಿಂತಳು. ಹೊಲಸು ಕಂಡು ವಾಂತಿ ಬಂದದ್ದು ಅವಳಿಗೆ ಹೊಸದಲ್ಲ, ಚೊಕ್ಕಟ ಕಂಡು ಬಂದದ್ದು ಇದೇ ಮೊದಲು.

ಓಬಳೇಶ್ ಹಿಂದೆಯೇ ಬಂದು ನಿಂತಿದ್ದ. "ದಸರಾ ರಜದಿಂದ ಬೀಗ ಹಾಕೈತೆ ಮೇಡಂ. ಟೀಮ್‌ನೋರು ಬಂದು ಹೋಗೋವರ್ಗೂ ಯಾರ್ನೂ ಬಿಡಬ್ಯಾಡ ಅಂತ ಸರ್ ಹೇಳವ್ರೆ. ನಿಮಗೆ ಗೊತ್ತೈತೆ ಅಂದ್ಕಂಡಿದ್ದೆ."

ಅವಳು ಲ್ಯಾಬಿಗೆ ವಾಪಸು ಬಂದಳು. ಹುಡುಗಿಯರು ಚಿತ್ರ ಬರೆಯುತ್ತಿದ್ದರು. ಪ್ರತಿಯೊಬ್ಬಳ ಪಕ್ಕದಲ್ಲೂ ಒಂದೊಂದು ನೀರಿನ ಬಾಟಲಿ. ಮಧ್ಯಾಹ್ನ ಕಳೆದಿತ್ತು, ಬೆಳಗ್ಗೆ ಮನೆಯಲ್ಲಿ ತುಂಬಿಸಿಕೊಂಡು ಬಂದ ಬಾಟಲಿಗಳು ಕತ್ತಿನವರೆಗೂ ತುಂಬಿಯೇ ಇದ್ದವು. ದಿನಾ ನೋಡುವ ಬಾಟಲಿಗಳೇ. ದಿನಾ ನೋಡಿಯೂ ಅವಳು ನೋಡಿರಲಿಲ್ಲ.

"ಎಲ್ಲಿಗೆ ಹೋಗ್ತೀರಿ ನೀವೆಲ್ಲ?" ಎಂದು ಕೇಳಿದಳು. ಏನು ಕೇಳುತ್ತಿದ್ದಾರೆಂದು ಅರ್ಥವಾಗಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಬಿಂದು ಎಂಬ ಹುಡುಗಿ ಬಾಯಿಬಿಟ್ಟಳು. "ಕೆಲವ್ರು ರೋಡ್ ದಾಟಿ ಹೋಟ್ಲಿಗೆ ಹೋಗ್ತೀವಿ ಮೇಡಂ, ಟೀ ಕುಡ್ಯೋಕೆ ಬಂದಂಗೆ. ಅಲ್ಲಿ ಬಾಗ್ಲಿಗೆ ಚಿಲಕ ಇಲ್ಲ, ಇಬ್ರು ಹೋಗಿ ಒಬ್ರು ಹಿಡ್ಕಂಡು ನಿಂತ್ಕಬೇಕು. ಉಳಿದೋರು ನೀರೇ ಕುಡ್ಯಲ್ಲ."

"ನನಗ್ಯಾಕೆ ಹೇಳ್ಲಿಲ್ಲ?"

ಬಿಂದು ತಲೆ ತಗ್ಗಿಸಿದಳು. "ಹೊಲಸು ಮಾತು ಕ್ಲಾಸಲ್ಲಿ ಬೇಡ ಅಂದಿದ್ರಲ್ಲ ಮೇಡಂ."

ಮಾತು ನೆಟ್ಟಗೆ ಬಂದು ಎದೆಗೆ ಬಿತ್ತು. ಆಮೇಲೆ ಬಿಂದುವೇ ಇನ್ನೊಂದು ಸಂಗತಿಯನ್ನೂ ಹೇಳಿದಳು. ಮೇಘಶ್ರೀ ಯಾರ ಮದುವೆಗೂ ಹೋಗಿರಲಿಲ್ಲ. ಚಳಿಜ್ವರ ಬಂದು ಆಸ್ಪತ್ರೆಯಲ್ಲಿದ್ದು, ಈಗಷ್ಟೇ ಮನೆಗೆ ಮರಳಿದ್ದಳು.

ದಾಕ್ಷಾಯಿಣಿ ಮೇಘಶ್ರೀಯ ಮನೆಗೆ ಫೋನು ಮಾಡಿದಳು. ಎತ್ತಿದ್ದು ತಾಯಿ ಮಲ್ಲಕ್ಕ. ಅವರಿವರ ಹೊಲದಲ್ಲಿ ಈರುಳ್ಳಿ ಕೀಳುವ ಕೆಲಸ ಅವಳದ್ದು. ಗಾಳಿಯ ಸದ್ದಿನ ನಡುವೆ ಜೋರಾಗಿಯೇ ಮಾತಾಡಿದಳು.

"ಕಟ್ಕಂಡು ಕಟ್ಕಂಡು ಕಿಡ್ನಿಗೆ ನಂಜು ಏರೈತೆ ಅಂತ ಡಾಕ್ಟ್ರು ಹೇಳಿದ್ರು ಮೇಡಂ. ಬೆಳಿಗ್ಗೆ ಬಸ್ಸು ಹತ್ತಿದ್ರೆ ಸಂಜಿಗೆ ಮನಿಗೆ ಬಂದೇ ಹೋಗ್ಬೇಕು. ಕೂಲಿ ಮಾಡಾ ನಂಗೆ ಒಂದು ಗಿಡದ ಮರೆ ಐತೆ. ಓದಾಕೆ ಬಂದ ಹುಡುಗೀಗೆ ಅಷ್ಟೂ ಇಲ್ವಾ ನಿಮ್ಮ ಕಾಲೇಜಾಗೆ?"

"ಪ್ರಾಕ್ಟಿಕಲ್‌ಗೆ ಬರ್ದೇ ಇದ್ರೆ ವರ್ಷ ಹೋಗ್ತದಮ್ಮ."

"ವರ್ಸ ಹೋದ್ರೆ ಹೋಗ್ಲಿ. ಹುಡುಗಿ ಹೋಗಬಾರ್ದು." ಮಲ್ಲಕ್ಕನ ದನಿ ಇನ್ನೂ ಜೋರಾಯಿತು. "ಪರೀಕ್ಸೆ ದಿನ ನಾನೇ ಕರ್ಕಂಡು ಬರ್ತೀನಿ. ಬಾಗ್ಲು ತೆಗ್ದಿದ್ರೆ ಬಿಟ್ಟೋಗ್ತೀನಿ. ಇಲ್ಲಾಂದ್ರೆ ಅವಳ ಓದು ಅವತ್ತಿಗೇ ಸಾಕು. ನನ್ ಜೊತಿಗೆ ಈರುಳ್ಳಿ ಕೀಳ್ತಾಳೆ."

ದಾಕ್ಷಾಯಿಣಿ ಮೂರ್ತಪ್ಪನವರ ಕೋಣೆಗೆ ಹೋದಳು. ಅವರು ಅಡಿಕೆ ಹೋಳನ್ನು ದವಡೆಗೆ ಒತ್ತಿಕೊಂಡು ಎಲ್ಲವನ್ನೂ ಕೇಳಿದರು. ಕೇಳುತ್ತ ಕೇಳುತ್ತ ಅವರ ಮುಖ ಕಿವುಚಿಕೊಂಡಿತು.

"ಮೇಡಂ, ನಿಮ್ಮಂಥೋರ ಬಾಯಲ್ಲಿ ಇಂಥ ವಿಷ್ಯ ಕೇಳೋಕೆ ನಂಗೇ ಒಂಥರಾ ಆಗ್ತೈತೆ. ಪರೀಕ್ಷೆ ಮಾರ್ನೇ ದಿನ ಟೀಮ್ ಬರ್ತದೆ. ಹುಡುಗೀರ್ನ ಬಿಟ್ರೆ ಒಂದೇ ದಿನ್ದಾಗೆ ಗಲೀಜು ಎಬ್ಬಿಸಿ ಹಾಕ್ತಾರೆ. ಅದನ್ನ ತೋರ್ಸಾಕೆ ಆಗ್ತದಾ? ಇಷ್ಟು ದಿನ ತಡ್ಕಂಡವ್ರೆ, ಇನ್ನೆರಡು ದಿನ ತಡ್ಕಳ್ಳಿ."

ಅಡಿಕೆಯ ರಸ ಅವರ ತುಟಿಯ ಮೂಲೆಯಲ್ಲಿ ಕೆಂಪಗೆ ಒಸರುತ್ತಿತ್ತು. ಅವರು ಎದ್ದು, ಕುರ್ಚಿಯ ಹಿಂದಿದ್ದ ಬಾಗಿಲನ್ನು ತಳ್ಳಿಕೊಂಡು ಹೋಗಿ ಉಗಿದು ಬಂದರು. ಅದು ಅವರ ಕೋಣೆಗೆ ಸೇರಿದ ಬಾತ್‌ರೂಮು. ದಾಕ್ಷಾಯಿಣಿ ಆ ಬಾಗಿಲನ್ನೇ ನೋಡುತ್ತ ಕೂತಿದ್ದು, ಆಮೇಲೆ ನಮಸ್ಕಾರ ಹೇಳಿ ಎದ್ದು ಬಂದಳು.

ಅವತ್ತು ಮನೆಗೆ ಹೋಗಿ ತನ್ನ ಬಚ್ಚಲುಮನೆಯ ಬಾಗಿಲು ಹಾಕಿಕೊಂಡಾಗ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಕಾಲೇಜಿಗೆ ಬಂದು ಇಷ್ಟು ವರ್ಷವಾಯಿತು. ದಿನಾ ಮಧ್ಯಾಹ್ನ ಇಲ್ಲಿಗೆ ಬಂದು, ಉಜ್ಜಿ ತೊಳೆದ ನೆಲದ ಮೇಲೆ ನಿಂತು, ತನಗೆಷ್ಟು ಚೊಕ್ಕಟ ಎಂದು ಹೆಮ್ಮೆಪಟ್ಟಿದ್ದಳು. ಒಂದೇ ಒಂದು ಸಲ ಆ ಬಾಗಿಲು ತುಳಿದಿದ್ದರೂ ಬೀಗ ಕಣ್ಣಿಗೆ ಬೀಳುತ್ತಿತ್ತು. ಅದನ್ನು ತಿಳಿಯಲು ಹಾವಸೆ ಒಣಗಬೇಕಾಯಿತು.

ಪರೀಕ್ಷೆಯ ಬೆಳಗ್ಗೆ ಮಲ್ಲಕ್ಕ ಗೇಟಿನ ಹತ್ತಿರ ಮಗಳ ಕೈ ಹಿಡಿದುಕೊಂಡು ನಿಂತಿದ್ದಳು. ಮೇಘಶ್ರೀಯ ಕಣ್ಣು ಒಳಕ್ಕೆ ಹೋಗಿ, ಕುತ್ತಿಗೆಯ ಮೂಳೆ ಕಾಣುತ್ತಿತ್ತು.

"ತೆಗೆದೈತಾ ಮೇಡಂ?"

"ಇಲ್ಲ. ನೀನೂ ಬಾರಮ್ಮ ಒಳಗೆ."

ಚಿತ್ರದುರ್ಗದಿಂದ ಬಂದಿದ್ದ ಪರೀಕ್ಷಕರಿಗೆ ಟೀ ಕೊಡಿಸಿ, ಸ್ವಲ್ಪ ಕಾಯಲು ಹೇಳಿ, ದಾಕ್ಷಾಯಿಣಿ ಲ್ಯಾಬಿನ ಬಾಗಿಲಲ್ಲಿ ನಿಂತಳು. "ಹುಡುಗೀರೆಲ್ಲ ನನ್ನ ಹಿಂದೆ ಬನ್ನಿ" ಅಂದಳು. ಅವರು ಯಾಕೆಂದು ಕೇಳದೆ ಎದ್ದು ಬಂದರು. ಕಾರಿಡಾರಿನಲ್ಲಿ ಸಾಲು ನೇರವಾಗಿ ಪ್ರಿನ್ಸಿಪಾಲರ ಕೋಣೆಗೆ ನಡೆಯಿತು. ಅಲ್ಲಿ ಮೂರ್ತಪ್ಪನವರು ಊರಿನ ಇಬ್ಬರು ಹಿರಿಯರನ್ನು ಕೂರಿಸಿಕೊಂಡು ನಾಳಿನ ಸ್ವಾಗತದ ಹಾರ, ಶಾಲುಗಳ ಮಾತಾಡುತ್ತಿದ್ದರು.

"ಸರ್, ಪರೀಕ್ಷೆ ಶುರುವಾಗೋ ಮುಂಚೆ ನಿಮ್ಮ ಬಾತ್‌ರೂಮ್ ಬಳಸ್ಕಂತೀವಿ" ಅಂದಳು ದಾಕ್ಷಾಯಿಣಿ. ಉತ್ತರಕ್ಕೆ ಕಾಯದೆ ಕುರ್ಚಿಯ ಹಿಂದಿನ ಬಾಗಿಲು ತಳ್ಳಿ, ಮೊದಲು ತಾನೇ ಒಳಗೆ ಹೋದಳು.

ಚಿಲಕ ಹಾಕಿದ ಮೇಲೆ ಗೊತ್ತಾಯಿತು ಎಂಥ ಜಾಗಕ್ಕೆ ಬಂದಿದ್ದೇನೆ ಎಂದು. ಕೈತೊಳೆಯುವ ಬೇಸಿನ್ನಿನ ತುಂಬ ಅಡಿಕೆ ಉಗಿದ ಕೆಂಪು, ಅದರ ಮೇಲೆ ಇನ್ನಷ್ಟು ಕೆಂಪು, ಹಳೆಯದು ಕಪ್ಪಾಗಿ ಪದರ ಕಟ್ಟಿತ್ತು. ಸೋಪಿಗೆ ಕೂದಲು ಸುತ್ತಿಕೊಂಡಿತ್ತು. ಬಕೆಟ್ಟಿನ ನೀರಿನಲ್ಲಿ ಸತ್ತ ಸೊಳ್ಳೆ ತೇಲುತ್ತಿತ್ತು. ಮೂಲೆಯಲ್ಲಿ ಪಾಚಿ ಕಟ್ಟಿದ ನೆಲ ಚಪ್ಪಲಿಯ ಅಡಿಯಲ್ಲಿ ಪಿಚಕ್ ಅಂದಿತು. ಬಾಲ್ಯದ ಆ ಚಪ್ಪಡಿ ಕಲ್ಲಿನ ರುಚಿ ನಾಲಗೆಗೆ ಏರಿ ಬಂತು. ಹಿಂದಕ್ಕೆ ಹೋಗಿಬಿಡೋಣ ಎಂದು ಕೈ ಚಿಲಕದ ಮೇಲೆ ಹೋಯಿತು. ತಾನು ಹೋಗಲಾರದ ಕಡೆಗೆ ಈ ಮಕ್ಕಳನ್ನು ಯಾವ ಬಾಯಿಂದ ಹೋಗಿ ಅನ್ನುವುದು? ಕೈ ಕೆಳಗಿಳಿಸಿದಳು. ಹಲ್ಲು ಕಚ್ಚಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಆಗಬೇಕಾದ್ದನ್ನು ಮುಗಿಸಿ, ಕೈ ತೊಳೆದುಕೊಂಡು ಹೊರಗೆ ಬಂದಳು.

"ಹೋಗು ಮೇಘಶ್ರೀ" ಅಂದಳು. "ಆಮೇಲೆ ಬಿಂದು. ನಿಧಾನಕ್ಕೆ ಹೋಗ್ಬನ್ನಿ, ಅವಸರ ಇಲ್ಲ."

ಸಾಲು ಕೋಣೆ ತುಂಬಿ ಕಾರಿಡಾರಿಗೆ ಚಾಚಿತ್ತು. ಒಳಗಿನಿಂದ ಮಗ್ಗಿನಲ್ಲಿ ನೀರು ಹೊಯ್ದ ಸದ್ದು ಎಲ್ಲರಿಗೂ ಕೇಳಿಸುತ್ತಿತ್ತು. ಹಿರಿಯರಿಬ್ಬರು ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದತೊಡಗಿದರು. ಮಲ್ಲಕ್ಕ ಮಾತ್ರ ಸೆರಗು ಹೊದ್ದು, ಮೂರ್ತಪ್ಪನವರನ್ನು ಎವೆಯಿಕ್ಕದೆ ನೋಡುತ್ತ ನಿಂತಿದ್ದಳು.

ಮೂರ್ತಪ್ಪನವರು ಮೂಗಿಗೆ ಕರ್ಚೀಫು ಒತ್ತಿಕೊಂಡರು. ಮೂಗಿನ ಹೊಳ್ಳೆ ಬಿಗಿದು, ತುಟಿಯ ಒಂದು ಕೊನೆ ಮೇಲೆದ್ದು, ಕಣ್ಣು ಕಿರಿದಾಗಿ, ಎದುರಿಗಿದ್ದ ಹುಡುಗಿಯರನ್ನು ಕಾಲಿಗಂಟಿದ ಹೊಲಸನ್ನು ನೋಡುವಂತೆ ನೋಡಿದರು. ಆ ಮುಖವನ್ನು ಎಲ್ಲೋ ಕಂಡಿದ್ದೇನೆ ಅನ್ನಿಸಿತು ದಾಕ್ಷಾಯಿಣಿಗೆ. ಎಲ್ಲಿ ಎಂದು ಹೊಳೆಯಲು ತಡವಾಗಲಿಲ್ಲ. ಕ್ಲಾಸಿನಲ್ಲಿ ಎದ್ದು ನಿಂತ ಹುಡುಗಿಯರೆಲ್ಲ ಇಷ್ಟು ವರ್ಷ ಕಂಡದ್ದು ಇದೇ ಮುಖ, ಆದರೆ ಅದು ಮೂರ್ತಪ್ಪನವರದ್ದಾಗಿರಲಿಲ್ಲ.

ಮೇಘಶ್ರೀ ಹೊರಗೆ ಬರುವಷ್ಟರಲ್ಲಿ ಮೂರ್ತಪ್ಪನವರು ಡ್ರಾಯರ್ ಎಳೆದು ಬೀಗದ ಕೈಯನ್ನು ಮೇಜಿನ ಮೇಲೆ ಎಸೆದಿದ್ದರು. "ತಗಂಡು ಹೋಗ್ರಿ. ಮೊದ್ಲು ಇವರನ್ನೆಲ್ಲ ಇಲ್ಲಿಂದ ಕರ್ಕಂಡು ಹೋಗ್ರಿ" ಅಂದರು. ದಾಕ್ಷಾಯಿಣಿ ಅದನ್ನು ತೆಗೆದುಕೊಂಡು ಮಲ್ಲಕ್ಕನ ಕೈಗೆ ಕೊಟ್ಟಳು. ಬೀಗ ತೆಗೆದದ್ದು ಮಲ್ಲಕ್ಕನೇ. ಹೊಳೆಯುವ ನೆಲದ ಮೇಲೆ ಹೊಲದ ಮಣ್ಣು ಮೆತ್ತಿದ ಅವಳ ಚಪ್ಪಲಿಯ ಗುರುತೇ ಮೊದಲು ಬಿತ್ತು.

ಪರೀಕ್ಷೆಯಲ್ಲಿ ಮೇಘಶ್ರೀಯ ಮುಂದೆ ಬಂದದ್ದು ಗಾಜಿನ ಮೇಲಿನ ಕಂದು ಚೂರು. ಪರೀಕ್ಷಕರು ಕನ್ನಡಕ ಸರಿಮಾಡಿಕೊಂಡು, "ಇದೇನಮ್ಮ, ಸತ್ತು ಒಣಗಿದ್ದನ್ನ ಇಟ್ಟಿದ್ದಾರೆ?" ಅಂದರು.

"ಸತ್ತಿಲ್ಲ ಸರ್, ಫ್ಯುನೇರಿಯಾ ಇದು. ನೀರು ಕೊಡ್ತೀನಿ, ನೋಡಿ" ಎಂದು ಅವಳು ಡ್ರಾಪರ್ ಎತ್ತಿಕೊಂಡಳು. ಎಲೆ ಬಿಡಿಸಿಕೊಳ್ಳುವವರೆಗೆ ಕಾಯುತ್ತ ಪಕ್ಕದ ಬಾಟಲಿ ತೆಗೆದು ಗಟಗಟನೆ ಅರ್ಧ ಕುಡಿದಳು. ಪರೀಕ್ಷೆಯ ನಡುವೆ ನೀರು ಕುಡಿಯುತ್ತಾಳಲ್ಲ ಎಂದು ಪರೀಕ್ಷಕರು ದಾಕ್ಷಾಯಿಣಿಯ ಕಡೆ ನೋಡಿದರು. ಅವಳು ಕಿಟಕಿಯ ಕಡೆ ತಿರುಗಿಕೊಂಡಳು.

ಮರುದಿನ ತಂಡ ಬಂತು, ನೋಡಿತು, ಹಾರ ಹಾಕಿಸಿಕೊಂಡು ಹೋಯಿತು. ಶೌಚಾಲಯದ ನೆಲ ಒದ್ದೆಯಿತ್ತು, ಕನ್ನಡಿಯ ಮೇಲೆ ಯಾರೋ ಬಿಂದಿ ಅಂಟಿಸಿದ್ದರು. ಮೂರ್ತಪ್ಪನವರು ಇವತ್ತಿಗೂ ದಾಕ್ಷಾಯಿಣಿಯ ಜೊತೆ ಬಾಯಿಬಿಟ್ಟು ಮಾತಾಡುವುದಿಲ್ಲ.

ಹಿಂದಿನ ಗೋಡೆಗೆ ನೀರು ಮತ್ತೆ ಇಳಿಯಿತು, ಜೇಡ ಜಾಗ ಖಾಲಿ ಮಾಡಿತು. ಹಕ್ಕಳೆ ಎದ್ದಿದ್ದ ಹಾವಸೆ ಮೈಬಿಟ್ಟುಕೊಂಡು ಹಸಿರಾಯಿತು, ವಾಸನೆಯೂ ಹಿಂದಿನಂತೆ ಹುಟ್ಟಿಕೊಂಡಿತು. ದಾಕ್ಷಾಯಿಣಿಗೆ ಹೇಸಿಗೆಯೇನೂ ಕಡಿಮೆಯಾಗಿಲ್ಲ. ಅದು ಸಾಯುವವರೆಗೂ ಇರುವಂಥದ್ದು. ಆದರೂ ದಿನಾ ಬೆಳಗ್ಗೆ ಮೊದಲ ಬೆಲ್ಲಿಗೆ ಮುಂಚೆ ಅವಳು ಗೋಡೆಯ ಹಿಂದಕ್ಕೆ ಹೋಗುತ್ತಾಳೆ. ಕರ್ಚೀಫು ಒಯ್ಯುವುದಿಲ್ಲ. ಬರಿಗೈಯನ್ನು ಹಾವಸೆಯ ಮೇಲೆ ಒತ್ತಿ ನೋಡುತ್ತಾಳೆ, ಲೋಳೆ ಅಂಗೈಗೆ ಹತ್ತುತ್ತದೆ, ಓಕರಿಕೆ ಗಂಟಲಿಗೆ ಬಂದು ನಿಲ್ಲುತ್ತದೆ. ಗೋಡೆ ಒದ್ದೆಯಿದ್ದರೆ ಕೈ ತೊಳೆದುಕೊಂಡು ಬಂದು ಹಾಜರಿ ಕರೆಯುತ್ತಾಳೆ.